ಜಿಡ್ಡು ಹಿಡಿದ ಶಟರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಬಹಳ ವರ್ಷ ಪೆಟ್ಟಿಗೆಯಲ್ಲೇ ಇದ್ದ ಕ್ಯಾನನೆಟ್ ಕ್ಯೂಎಲ್17 ಫಿಲ್ಮ್ ಕ್ಯಾಮೆರಾ ಕೈಗೆ ಬಂದಿದೆ. ಲಿವರ್ ಎಳೆದು ಗುಂಡಿ ಒತ್ತಿದರೆ ಟಿಕ್ ಅನ್ನುತ್ತದೆ, ಶಟರ್ ಮಾತ್ರ ತೆರೆಯುವುದಿಲ್ಲ. ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಬಿಟ್ಟರೆ ಸರಿಹೋದೀತೇ? ಇದುವರೆಗೆ ಯಾವ ಕ್ಯಾಮೆರಾವನ್ನೂ ಬಿಚ್ಚಿದವನಲ್ಲ.

ಉತ್ತರ: ಬೇಡ. ಶಟರ್ ಈಗ ಕಚ್ಚಿಕೊಂಡಿರುವುದೇ ಎಣ್ಣೆಯಿಂದ. ಫೋಕಸ್ ರಿಂಗಿನ ಥ್ರೆಡ್ಡಿಗೆ ಹಚ್ಚಿದ ಗ್ರೀಸ್ ಹಳತಾದಂತೆ ಅದರಲ್ಲಿನ ಎಣ್ಣೆಯಂಶ ಬೇರೆಯಾಗಿ ಶಟರಿನ ಬ್ಲೇಡ್‌ಗಳವರೆಗೆ, ಅಂದರೆ ತೆರೆದು ಮುಚ್ಚಿ ಬೆಳಕು ಬಿಡುವ ಲೋಹದ ಎಲೆಗಳವರೆಗೆ, ಹರಿದು ಬರುತ್ತದೆ. ಬ್ಲೇಡ್‌ಗಳು ಬಲು ತೆಳು, ಅವನ್ನು ಎಳೆಯುವ ಸ್ಪ್ರಿಂಗಿನ ಬಲವೂ ಅಷ್ಟಕ್ಕಷ್ಟೆ. ನಡುವೆ ಜಿಡ್ಡಿನ ಪದರ ಸೇರಿದರೆ ಒದ್ದೆಯಾದ ಎರಡು ಗಾಜಿನ ಹಾಳೆಗಳ ಹಾಗೆ ಒಂದಕ್ಕೊಂದು ಹಿಡಿದುಕೊಳ್ಳುತ್ತವೆ. ಬ್ಲೇಡ್ ಯಾವತ್ತೂ ಪೂರ್ತಿ ಒಣಗಿರಬೇಕು.

ಇದೇ ಕ್ಯಾಮೆರಾ ಇರುವ ಉಳಿದವರಿಗೆ ಒಂದು ಮಾತು: ಅಪರ್ಚರ್ ರಿಂಗ್ (ಬೆಳಕಿನ ಕಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಬಳೆ) ‘ಎ’ (ಆಟೊ) ಗುರುತಿನಲ್ಲಿದ್ದು ಬ್ಯಾಟರಿ ಸತ್ತಿದ್ದರೆ ಗುಂಡಿಯೇ ಬೀಗ ಹಾಕಿಕೊಳ್ಳುತ್ತದೆ. ಅದು ಕೆಟ್ಟಿರುವುದಲ್ಲ, ರಿಂಗನ್ನು ‘ಎ’ಯಿಂದ ಆಚೆ ತಿರುಗಿಸಿದರೆ ಆಯಿತು. ನಿಮ್ಮದು ಟಿಕ್ ಅನ್ನುತ್ತಿರುವುದರಿಂದ ಆ ಅನುಮಾನ ಬೇಡ. ಸೆಲ್ಫ್ ಟೈಮರ್ ಲಿವರನ್ನು ಮಾತ್ರ ಸದ್ಯಕ್ಕೆ ಮುಟ್ಟಬೇಡಿ. ಹಳೆಯ ಟೈಮರ್ ಅರ್ಧದಲ್ಲಿ ನಿಂತರೆ ಶಟರನ್ನೂ ಅಲ್ಲೇ ಹಿಡಿದಿಡುತ್ತದೆ.

ಬೇಕಾದದ್ದು ಕಡಿಮೆ: ಲೆನ್ಸ್ ಸ್ಪ್ಯಾನರ್ (ರಿಂಗಿನ ಕಚ್ಚಿಗೆ ಸಿಕ್ಕಿಸಿ ತಿರುಗಿಸುವ ಎರಡು ಮೊನೆಯ ಸಲಕರಣೆ), ಲೆನ್ಸ್ ಅಗಲದ ರಬ್ಬರ್ ಬಿರಡೆ, ಒಳ್ಳೆಯ ಹತ್ತಿಕಡ್ಡಿ, ಕೈಯಲ್ಲಿ ಅದುಮುವ ರಬ್ಬರ್ ಬ್ಲೋವರ್, ನ್ಯಾಫ್ತಾ. ಸಿಗರೇಟ್ ಲೈಟರಿಗೆ ತುಂಬುವ ದ್ರವ ಇದೇ ನ್ಯಾಫ್ತಾ. ಬ್ಯೂಟೇನ್ ಗ್ಯಾಸ್ ಬೇರೆ, ಅದನ್ನು ತರಬೇಡಿ. ಬೇಗ ಹೊತ್ತಿಕೊಳ್ಳುವ ವಸ್ತು, ಹಾಗಾಗಿ ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ಒಲೆ ದೀಪ ಇರಬಾರದು. ಅಸಿಟೋನ್ ಬಣ್ಣವನ್ನೂ ಪ್ಲಾಸ್ಟಿಕ್ಕನ್ನೂ ತಿನ್ನುತ್ತದೆ. ಡಬ್ಬಿಯಲ್ಲಿ ಒತ್ತಿ ತುಂಬಿದ ಗಾಳಿ ಬ್ಲೇಡನ್ನು ಬಗ್ಗಿಸಬಲ್ಲದು. ತುಕ್ಕು ಬಿಡಿಸುವ ಸ್ಪ್ರೇ ಡಬ್ಲ್ಯೂಡಿ-40ಯ ಸುದ್ದಿಯೇ ಬೇಡ.

ಮೊದಲು ಲೆನ್ಸಿನ ಸುತ್ತ ಹೆಸರು ಬರೆದ ರಿಂಗ್, ಆಮೇಲೆ ಮುಂದಿನ ಲೆನ್ಸ್ ಗುಂಪು ಬಿಚ್ಚಿ. ಕಚ್ಚು ಇದ್ದಲ್ಲಿ ಸ್ಪ್ಯಾನರ್, ಇಲ್ಲದಲ್ಲಿ ರಬ್ಬರ್ ಒತ್ತಿ ಎಡಕ್ಕೆ ತಿರುಗಿಸಿ. ಒಂದೊಂದು ಹಂತಕ್ಕೂ ಮೊಬೈಲಿನಲ್ಲಿ ಫೋಟೊ ಇರಲಿ. ಬಗ್ಗದ ರಿಂಗಿನ ಜೊತೆ ಗುದ್ದಾಡಬೇಡಿ: ಅಂಚಿಗೆ ಕಡ್ಡಿಯಲ್ಲಿ ಒಂದು ಹನಿ ದ್ರವ ಮುಟ್ಟಿಸಿ ಹತ್ತು ನಿಮಿಷ ಕಾಯಿರಿ. ಸ್ಪ್ಯಾನರ್ ಜಾರಿದರೆ ಗೀರು ಬೀಳುವುದು ಗಾಜಿನ ಮೇಲೆ.

ಈಗ ಬ್ಲೇಡ್‌ಗಳು ಕಾಣುತ್ತವೆ. ಕಡ್ಡಿಯನ್ನು ನ್ಯಾಫ್ತಾದಲ್ಲಿ ಅದ್ದಿ, ಹನಿ ತೊಟ್ಟಿಕ್ಕದಷ್ಟು ಹಿಂಡಿ, ಬ್ಲೇಡ್ ಮೇಲೆ ಹಗುರವಾಗಿ ಸವರಿ. ಲಿವರ್ ಎಳೆದು ಗುಂಡಿ ಒತ್ತಿ. ಹೀಗೆ ಇಪ್ಪತ್ತು ಸಲ ಓಡಿಸಿದ ಮೇಲೆ ಅಂಚುಗಳಿಂದ ಕಂದು ಗೆರೆಯಂತೆ ಜಿಡ್ಡು ಹೊರಬರುತ್ತದೆ. ಅದನ್ನು ಒಣ ಕಡ್ಡಿಯಲ್ಲಿ ಒರೆಸಿ ಬ್ಲೋವರ್ ಹಾಯಿಸಿ. ಕಡ್ಡಿಯ ತುದಿ ಬೆಳ್ಳಗೇ ಉಳಿಯುವವರೆಗೆ ಇದನ್ನೇ ಮಾಡಿ. ನಾಲ್ಕೈದು ಸುತ್ತು ಹಿಡಿಯುತ್ತದೆ. ಬೇಸರವಾಗಿ ಒಂದೇ ಸಲಕ್ಕೆ ಸುರಿದುಬಿಟ್ಟರೆ ಕರಗಿದ ಗ್ರೀಸ್ ಹಲ್ಲುಚಕ್ರಗಳ ಸಂದಿಗೂ ಹಿಂದಿನ ಗಾಜಿನ ಒಳಮೈಗೂ ಇಳಿಯುತ್ತದೆ.

ದ್ರವದ ಹಸಿ ಇರುವಾಗ ಯಾವ ಶಟರ್ ಆದರೂ ಸೊಗಸಾಗಿ ಓಡುತ್ತದೆ. ಆ ಖುಷಿಯಲ್ಲೇ ಲೆನ್ಸ್ ಮುಚ್ಚಿ ಮರುದಿನ ತಲೆ ಮೇಲೆ ಕೈ ಹೊತ್ತು ಕೂರುವವರು ಬಹಳ. 24 ಗಂಟೆ ಧೂಳು ಬೀಳದ ಡಬ್ಬಿಯಲ್ಲಿಟ್ಟು ಮತ್ತೆ ಪರೀಕ್ಷಿಸಿ. ಮೊದಲನೆಯ ಕ್ಲಿಕ್ಕನ್ನೇ ಗಮನಿಸಿ; ನಿಧಾನಿಸಿದರೆ ಅದೇ ನಿಧಾನಿಸುವುದು, ಮುಂದಿನವು ಸಡಿಲಗೊಂಡ ಜಿಡ್ಡಿನಲ್ಲಿ ಓಡಿಬಿಡುತ್ತವೆ. ಸರಿಯಿದ್ದರೆ ‘ಬಿ’ಯಲ್ಲಿ (ಗುಂಡಿ ಒತ್ತಿರುವಷ್ಟು ಹೊತ್ತೂ ಶಟರ್ ತೆರೆದಿರುವ ಗುರುತು) ಶಟರ್ ತೆರೆದು, ಅಪರ್ಚರ್ ಪೂರ್ತಿ ಅಗಲಿಸಿ, ಹಿಂದಿನ ಗಾಜಿನ ಒಳಮೈ ಒರೆಸಿ ಮುಚ್ಚಿ.

ಮಡಚುವ ಹಳೆಯ ಕ್ಯಾಮೆರಾಗಳಲ್ಲಿ ಒಂದು ಎಚ್ಚರ ಬೇಕು. ಹಲವದರಲ್ಲಿ ಮುಂದಿನ ಗಾಜೇ ತಿರುಗಿ ಫೋಕಸ್ ಆಗುತ್ತದೆ. ಅದು ಥ್ರೆಡ್ಡಿನಿಂದ ಕಳಚುವ ಜಾಗಕ್ಕೆ ಗುರುತು ಹಾಕದಿದ್ದರೆ ತಿರುಗಿ ಕೂರಿಸುವಾಗ ಅನಂತದ (ಬಹು ದೂರದ) ಫೋಕಸ್ ತಪ್ಪುತ್ತದೆ.

ಪ್ರಶ್ನೆ: ಶಟರ್ ವೇಗ ಸರಿಯಿದೆಯೇ ಎಂದು ಉಪಕರಣವಿಲ್ಲದೆ ತಿಳಿಯಬಹುದೇ?

ಉತ್ತರ: ನಿಧಾನದ ವೇಗಗಳನ್ನು ತಿಳಿಯಬಹುದು. ಹಿಂಬಾಗಿಲು ತೆರೆದು ಲೆನ್ಸನ್ನು ಬೆಳಕಿಗೆ ಹಿಡಿದು, ಸೆಕೆಂಡಿಗೆ 240 ಫ್ರೇಮ್ ತೆಗೆಯುವ ಮೊಬೈಲಿನಲ್ಲಿ ಸ್ಲೋ ಮೋಷನ್ ವಿಡಿಯೊ ಮಾಡಿ, ಬೆಳಕು ಕಾಣುವ ಫ್ರೇಮ್‌ಗಳನ್ನು ಎಣಿಸಿ. 1/4 ಸೆಕೆಂಡಿಗೆ 60, 1/8ಕ್ಕೆ 30, 1/15ಕ್ಕೆ 16, 1/30ಕ್ಕೆ 8, 1/60ಕ್ಕೆ 4 ಬರಬೇಕು. ಅರೆತೆರೆದ ಬ್ಲೇಡ್ ಕಂಡ ಫ್ರೇಮನ್ನು ಅರ್ಧ ಎಂದು ಲೆಕ್ಕ ಹಿಡಿಯಿರಿ. 1/125ರಲ್ಲಿ ಸಿಗುವುದೇ ಎರಡು ಫ್ರೇಮ್. ಒಂದು ತಪ್ಪಿದರೆ ಲೆಕ್ಕ ಅರ್ಧಕ್ಕರ್ಧ ಕೆಟ್ಟಂತೆ, ಆದ್ದರಿಂದ ಅಲ್ಲಿಂದ ಮೇಲಕ್ಕೆ ಈ ವಿಧಾನ ನಂಬಬೇಡಿ.

ಸಿಕ್ಕ ಸಂಖ್ಯೆ ಬರಬೇಕಾದ್ದರ ಎರಡರಷ್ಟಿದ್ದರೆ ಒಂದು ಸ್ಟಾಪ್ ಹೆಚ್ಚು, ಅಂದರೆ ಎರಡು ಪಟ್ಟು ಬೆಳಕು. ಕಲರ್ ನೆಗೆಟಿವ್ ಅದನ್ನು ತಡೆದುಕೊಳ್ಳುತ್ತದೆ, ಸ್ಲೈಡ್ ಫಿಲ್ಮ್ ತಡೆಯದು. ಒಂದೊಂದು ವೇಗವನ್ನೂ ಐದು ಸಲ ಅಳೆಯಿರಿ. ಐದೂ ಒಂದೇ ಬಗೆಯಲ್ಲಿ ತಪ್ಪಿದ್ದರೆ ಹೇಗೋ ಹೊಂದಿಸಿಕೊಳ್ಳಬಹುದು. ಒಂದೊಂದು ಸಲ ಒಂದೊಂದು ಬಂದರೆ ಒಳಗೆ ಕೊಳೆ ಇನ್ನೂ ಇದೆ.

ಪ್ರಶ್ನೆ: ನನ್ನದು ಬಟ್ಟೆಯ ಪರದೆ ಶಟರ್ ಇರುವ ಎಸ್‌ಎಲ್‌ಆರ್ (ಲೆನ್ಸಿನ ಮೂಲಕವೇ ನೋಡುವ ಕ್ಯಾಮೆರಾ). 1/1000ರಲ್ಲಿ ಚಿತ್ರದ ಒಂದು ಅಂಚು ಕಪ್ಪು, 1/125ರಲ್ಲಿ ಏನೂ ತೊಂದರೆಯಿಲ್ಲ. ತಳದ ತಗಡಿನ ಒಳಗೆ ಸ್ಪ್ರಿಂಗ್ ಬಿಗಿಮಾಡುವ ಸ್ಕ್ರೂ ಇದೆಯಂತೆ, ತಿರುಗಿಸಲೇ?

ಉತ್ತರ: ಅದು ಕೊನೆಯ ಕೆಲಸ. ಪರದೆ ಎರಡು, ಮೊದಲನೆಯದು ಓಡಿದ ಬೆನ್ನಿಗೆ ಎರಡನೆಯದು ಓಡುತ್ತದೆ, ನಡುವಿನ ಸೀಳಿನಿಂದ ಬೆಳಕು ಬೀಳುತ್ತದೆ. 1/1000ರಲ್ಲಿ ಆ ಸೀಳು ಎರಡು ಮೂರು ಮಿಲಿಮೀಟರ್ ಮಾತ್ರ. ಮೊದಲ ಪರದೆ ಸೆಕೆಂಡಿನ ಸಾವಿರದ ಒಂದು ಭಾಗ ಹಿಂದೆ ಬಿದ್ದರೂ ಓಟದ ಕೊನೆಯಲ್ಲಿ ಎರಡನೆಯದು ಅದನ್ನು ಹಿಡಿದುಬಿಡುತ್ತದೆ, ಆ ಅಂಚು ಕಪ್ಪಾಗುತ್ತದೆ. 1/125ರಲ್ಲಿ ಸೀಳು ಎಷ್ಟೋ ಅಗಲ, ಹಾಗಾಗಿ ಅಷ್ಟು ಹಿನ್ನಡೆ ಗೊತ್ತೇ ಆಗದು.

ಹಿಂದೆ ಬೀಳಲು ಕಾರಣ ಸಾಮಾನ್ಯವಾಗಿ ರೋಲರ್ ತುದಿಯ ಬೇರಿಂಗಿನಲ್ಲಿ ಒಣಗಿದ ಎಣ್ಣೆ. ತಳದ ತಗಡು ತೆಗೆದು ಅಲ್ಲಿಗೆ ಸೂಜಿ ತುದಿಯಲ್ಲಿ ನ್ಯಾಫ್ತಾ ಮುಟ್ಟಿಸಿ, ಐವತ್ತು ಸಲ ಓಡಿಸಿ, ಒಣಗಿದ ಮೇಲೆ ಗಡಿಯಾರದ ಎಣ್ಣೆ ಸಾಸಿವೆಯಲ್ಲಿ ಕಾಲು ಭಾಗದಷ್ಟು ಇಡಿ. ಎಣ್ಣೆ ಬೇಕಾದ ಜಾಗ ಇದು. ದ್ರವ ಬಟ್ಟೆಗೆ ತಾಕಬಾರದು, ಅದರ ರಬ್ಬರ್ ಲೇಪ ಕರಗುತ್ತದೆ. ಜಪಾನಿನ ಕ್ಯಾಮೆರಾ ಆದರೆ ಜೆಐಎಸ್ (ಜಪಾನಿನ ಮಾನಕ) ತುದಿಯ ಸ್ಕ್ರೂಡ್ರೈವರ್ ತನ್ನಿ. ಫಿಲಿಪ್ಸ್ ತುದಿ ಮೇಲಕ್ಕೆ ಜಾರಿ ಸ್ಕ್ರೂ ತಲೆ ಸವೆಸುತ್ತದೆ.

ಇಷ್ಟಾದರೂ ಕಪ್ಪು ಹೋಗದಿದ್ದರೆ ಮಾತ್ರ ಬಿಗಿತಕ್ಕೆ ಕೈಹಾಕಿ. ಸ್ಕ್ರೂ ಈಗಿರುವ ಸ್ಥಾನವನ್ನು ಮಾರ್ಕರಿನಿಂದ ಗುರುತಿಸಿ, ಒಂದು ಸಲಕ್ಕೆ ಎಂಟನೇ ಒಂದು ಸುತ್ತಿಗಿಂತ ಹೆಚ್ಚು ಬೇಡ. ಬಿಗಿಯ ಸ್ಕ್ರೂವನ್ನು ಒಂದು ಕೈಯಲ್ಲಿ ಹಿಡಿಯದೆ ಅದನ್ನು ಅಲುಗದಂತೆ ಹಿಡಿದಿಡುವ ಬೀಗದ ಸ್ಕ್ರೂ ಸಡಿಲಿಸಿದಿರೋ, ಸ್ಪ್ರಿಂಗ್ ಸರ್ರನೆ ಬಿಚ್ಚಿಕೊಳ್ಳುತ್ತದೆ. ಆಮೇಲೆ ಎಷ್ಟು ಸುತ್ತು ಇತ್ತು ಎಂದು ಯಾರನ್ನು ಕೇಳುತ್ತೀರಿ?

ಪ್ರಶ್ನೆ: ಸೋವಿಯತ್ ಕಾಲದ ಜೋರ್ಕಿ-4 ಕ್ಯಾಮೆರಾದಲ್ಲಿ ವೇಗದ ಡಯಲ್ ತಿರುಗಿಸುವಾಗ ಬಿಗಿಯಾಗಿದೆ. ಬಲ ಹಾಕಲೇ?

ಉತ್ತರ: ಹಾಕಬೇಡಿ. ಆ ಕ್ಯಾಮೆರಾದಲ್ಲಿ ಮೊದಲು ಫಿಲ್ಮ್ ಸುತ್ತುವ ಗುಂಡಿ ಪೂರ್ತಿ ತಿರುಗಿಸಬೇಕು, ಆಮೇಲೆ ವೇಗ ಬದಲಿಸಬೇಕು. ತಿರುವುಮುರುವು ಮಾಡಿದರೆ ಒಳಗಿನ ಭಾಗ ಮುರಿಯಬಹುದು. ಹಳೆಯ ಕಾಂಪುರ್ ಶಟರಿನಲ್ಲಿ (ಲೆನ್ಸಿನೊಳಗೇ ಇರುವ ಜರ್ಮನಿಯ ಬ್ಲೇಡ್ ಶಟರ್) ಇದರ ತದ್ವಿರುದ್ಧ: ಅತಿ ಹೆಚ್ಚಿನ ವೇಗಕ್ಕೆ ಇನ್ನೊಂದು ಸ್ಪ್ರಿಂಗ್ ಸೇರಿಕೊಳ್ಳುವುದರಿಂದ ಆ ವೇಗವನ್ನು ಶಟರ್ ಎಳೆಯುವ ಮೊದಲೇ ಇಡಬೇಕು.

ಪ್ರಶ್ನೆ: ಪಾಯಿಂಟ್ ಅಂಡ್ ಶೂಟ್ ಕ್ಯಾಮೆರಾದ ಶಟರನ್ನೂ ಹೀಗೇ ಬಿಚ್ಚಬಹುದೇ?

ಉತ್ತರ: ಒಳಗೇ ಫ್ಲ್ಯಾಶ್ ಇರುವ ಕ್ಯಾಮೆರಾ ಹೊಸಬರಿಗಲ್ಲ. ಅದರ ಕೆಪಾಸಿಟರ್ 300 ವೋಲ್ಟಿನ ಆಸುಪಾಸು ತುಂಬಿಕೊಂಡಿರುತ್ತದೆ, ಬ್ಯಾಟರಿ ತೆಗೆದ ಮೇಲೂ ಹೊಡೆಯುತ್ತದೆ. ಕಲಿಯಲು ಫ್ಲ್ಯಾಶ್ ಇಲ್ಲದ, ಪೂರ್ತಿ ಯಾಂತ್ರಿಕವಾದ, ಹಾಳಾದರೂ ಹೊಟ್ಟೆ ಉರಿಯದ ಕ್ಯಾಮೆರಾ ಹುಡುಕಿಕೊಳ್ಳಿ.