ಮುಟ್ಟದೆ ನುಡಿಸುವ ಥೆರೆಮಿನ್: ಜಾರುವುದು ಸುಲಭ, ನಿಲ್ಲುವುದೇ ಕಷ್ಟ

ಪ್ರಶ್ನೆ: ಎಂಟು ವರ್ಷಗಳಿಂದ ಕರ್ನಾಟಕ ಸಂಗೀತದ ಪಿಟೀಲು ಕಲಿಯುತ್ತಿದ್ದೇನೆ. ಎರಡು ಆಂಟೆನಾಗಳಿರುವ ಪೆಟ್ಟಿಗೆಯ ಮುಂದೆ ಗಾಳಿಯಲ್ಲಿ ಕೈಯಾಡಿಸುತ್ತ ಥೆರೆಮಿನ್ ನುಡಿಸುವುದನ್ನು ವಿಡಿಯೊದಲ್ಲಿ ನೋಡಿದೆ. ಮುಟ್ಟದೆ ನಾದ ಹುಟ್ಟುವುದು ಹೇಗೆ? ಕೈಯಿಂದ ಏನಾದರೂ ಶಕ್ತಿ ಹೊರಡುತ್ತದೆಯೇ? ಪಿಟೀಲು ಬಲ್ಲವರಿಗೆ ಇದು ಸುಲಭವೇ?
– ಓದುಗರೊಬ್ಬರು, ಮೈಸೂರು

ಉತ್ತರ: ಕೈಯಿಂದ ಯಾವ ಶಕ್ತಿಯೂ ಹೊರಡುವುದಿಲ್ಲ, ಕೈ ಅಲ್ಲಿರುವುದೇ ಸಾಕು. ನಮ್ಮ ದೇಹ ವಿದ್ಯುದ್ವಾಹಕ. ಆದ್ದರಿಂದ ಆಂಟೆನಾಗಳಲ್ಲೊಂದಾದ, ನೆಟ್ಟಗೆ ನಿಂತ ಲೋಹದ ಸಲಾಕೆಯೂ ಅದರೆದುರಿನ ಕೈಯೂ, ನಡುವೆ ಗಾಳಿಯಿರುವ ಕೆಪ್ಯಾಸಿಟರ್‌ನ ಎರಡು ಫಲಕಗಳಂತಾಗುತ್ತವೆ. ಕೈ ಹತ್ತಿರವಾದಂತೆ ಅದರ ಧಾರಕತೆ, ಅಂದರೆ ವಿದ್ಯುದಾವೇಶವನ್ನು ಹಿಡಿದಿಡುವ ಸಾಮರ್ಥ್ಯ, ಹೆಚ್ಚುತ್ತದೆ. ಈ ಹೆಚ್ಚಳವನ್ನು ಅಳೆಯುವುದು ಪಿಕೋಫ್ಯಾರಡ್‌ಗಳಲ್ಲಿ, ಅಂದರೆ ಒಂದು ಫ್ಯಾರಡ್‌ನ ಲಕ್ಷ ಕೋಟಿಯಲ್ಲೊಂದು ಭಾಗದ ಲೆಕ್ಕದಲ್ಲಿ.

ಇಷ್ಟು ಸಣ್ಣ ಬದಲಾವಣೆ ಕಿವಿಗೆ ಕೇಳುವಂತಾಗುವ ಬಗೆಯನ್ನು ನೀವು ತಂಬೂರಿಯಲ್ಲಿ ಈಗಾಗಲೇ ಬಲ್ಲಿರಿ. ಎರಡು ಸಾರಣೆ ತಂತಿಗಳು ಒಂದಕ್ಕೊಂದು ಕೂದಲೆಳೆಯಷ್ಟು ಹೊಂದದಿದ್ದಾಗ ನಾದ ಏರಿಳಿದು ಮಿಡಿಯುತ್ತದೆ. ಆ ಮಿಡಿತದ ವೇಗ ಎರಡೂ ತಂತಿಗಳ ಕಂಪನಾಂಕಗಳ ವ್ಯತ್ಯಾಸಕ್ಕೆ ಸಮ. ಥೆರೆಮಿನ್‌ನೊಳಗೆ ತಂತಿಗಳ ಬದಲು ರೇಡಿಯೊ ಕಂಪನಾಂಕದ ಎರಡು ಆಂದೋಲಕಗಳು, ಅಂದರೆ ವಿದ್ಯುತ್ ಕಂಪನ ಹುಟ್ಟಿಸುವ ವಿದ್ಯುನ್ಮಂಡಲಗಳು, ಇವೆ. ಒಂದು ಸ್ಥಿರ, ಇನ್ನೊಂದಕ್ಕೆ ಸಲಾಕೆ ಜೋಡಣೆಯಾಗಿದೆ. ಸ್ಥಿರವಾದದ್ದು ಸೆಕೆಂಡಿಗೆ 1,70,000 ಬಾರಿ ಕಂಪಿಸುತ್ತಿದೆ ಎಂದುಕೊಳ್ಳಿ. ಧಾರಕತೆ ಹೆಚ್ಚಿದಷ್ಟೂ ಕಂಪನ ನಿಧಾನವಾಗುತ್ತದೆ. ಕೈ ಸಮೀಪಿಸಿದಾಗ ಎರಡನೆಯದು 1,69,560ಕ್ಕೆ ಇಳಿದರೆ, ಇವೆರಡೂ ಕಿವಿಗೆ ಕೇಳಿಸದಿದ್ದರೂ ಅವುಗಳ ವ್ಯತ್ಯಾಸವಾದ 440 ಹರ್ಟ್ಸ್ ಚೆನ್ನಾಗಿ ಕೇಳಿಸುತ್ತದೆ. ಇದಕ್ಕೆ ಧಾರಕತೆಯಲ್ಲಿ ಬೇಕಾದ ಬದಲಾವಣೆ ಶೇ 0.5ರಷ್ಟು ಮಾತ್ರ. ತಂಬೂರಿಯ ಹೋಲಿಕೆಗೆ ಒಂದು ಮಿತಿಯಿದೆ: ಅಲ್ಲಿ ಎರಡು ನಾದಗಳು ಗಾಳಿಯಲ್ಲಿ ಕೂಡುತ್ತವೆ, ಇಲ್ಲಿ ವ್ಯತ್ಯಾಸವನ್ನು ಪ್ರತ್ಯೇಕ ಸಂಕೇತವಾಗಿ ತೆಗೆಯಲು ಮಿಶ್ರಕ ಎಂಬ ವಿದ್ಯುನ್ಮಂಡಲ ಬೇಕು. ರಾತ್ರಿ ಹೊತ್ತು ಹಳೆಯ ರೇಡಿಯೊದಲ್ಲಿ ಎರಡು ನಿಲಯಗಳ ನಡುವೆ ಕೇಳುತ್ತಿದ್ದ ಸಿಳ್ಳೆಯ ಮೂಲವೂ ಇದೇ ತತ್ತ್ವ.

ಎಡಗೈ ಬಳಿಯ ಬಳೆಯಾಕಾರದ ಆಂಟೆನಾ ನಾದದ ಪ್ರಮಾಣಕ್ಕೆ ಮೀಸಲು. ಕೈ ಅದರ ಸಮೀಪಕ್ಕೆ ಬಂದಷ್ಟೂ ಸದ್ದು ಅಡಗುತ್ತದೆ.

ಇದನ್ನು ರೂಪಿಸಿದ ರಷ್ಯಾದ ಲೆವ್ ಥೆರೆಮಿನ್ ಭೌತವಿಜ್ಞಾನಿಯೂ ಹೌದು, ಚೆಲ್ಲೊ ವಾದಕರೂ ಹೌದು. 1920ರ ಸುಮಾರಿಗೆ, ಇಂದು ಸೇಂಟ್ ಪೀಟರ್ಸ್‌ಬರ್ಗ್ ಎನಿಸಿರುವ ಪೆಟ್ರೊಗ್ರಾಡ್‌ನ ಪ್ರಯೋಗಾಲಯದಲ್ಲಿ ಅನಿಲಗಳ ವಿದ್ಯುತ್ ಗುಣವನ್ನು ಅಳೆಯುವ ಸಾಧನ ಕಟ್ಟುತ್ತಿದ್ದಾಗ, ತಮ್ಮ ಕೈಯ ಚಲನೆಗೆ ಅದರ ಸ್ವರ ಬದಲಾಗುವುದನ್ನು ಅವರು ಗಮನಿಸಿದರು. 1929ರಲ್ಲಿ ಅಮೆರಿಕದ ಆರ್‌ಸಿಎ ಕಂಪನಿ, ಹಾಡು ಗುನುಗಬಲ್ಲ ಯಾರಾದರೂ ಇದನ್ನು ನುಡಿಸಬಹುದೆಂಬ ಧಾಟಿಯ ಪ್ರಚಾರದೊಂದಿಗೆ ಸುಮಾರು 500 ವಾದ್ಯಗಳನ್ನು ತಯಾರಿಸಿತು. ಕೊಂಡವರಿಗೆ ಸತ್ಯ ತಿಳಿಯಲು ಒಂದು ಸಂಜೆ ಸಾಕಾಗಿರಬೇಕು.

ವೀಣೆಗಿರುವಂತಹ ಮೆಟ್ಟಿಲುಗಳು ಪಿಟೀಲಿನಲ್ಲಿ ಇಲ್ಲದಿದ್ದರೂ ಬೆರಳ ತುದಿಗೆ ತಂತಿಯಿದೆ, ಹೆಬ್ಬೆರಳಿಗೆ ದಂಡಿಯಿದೆ. ಇಲ್ಲಿ ಕೈಗೆ ಯಾವ ಆಸರೆಯೂ ಇಲ್ಲ. ಸ್ವರಗಳ ನಡುವಿನ ಅಂತರವೂ ಸಮನಲ್ಲ. ಸಲಾಕೆಯ ಸಮೀಪದಲ್ಲಿ ಅವು ಒತ್ತೊತ್ತಾಗಿರುತ್ತವೆ. ಸಾಲದ್ದಕ್ಕೆ ವಾದ್ಯವು ಬಲಗೈಯನ್ನಷ್ಟೇ ಅಲ್ಲ, ಇಡೀ ದೇಹವನ್ನು ಗ್ರಹಿಸುತ್ತದೆ. ತಲೆದೂಗಿದರೆ ಶ್ರುತಿ ಸರಿಯುತ್ತದೆ, ಹಿಂದಿನಿಂದ ಯಾರಾದರೂ ತೀರಾ ಹತ್ತಿರ ಹಾದುಹೋದರೂ ಸರಿಯುತ್ತದೆ. ನುಡಿಸುವವರು ವಿಗ್ರಹದಂತೆ ನಿಲ್ಲುವುದು ಗಾಂಭೀರ್ಯಕ್ಕಾಗಿಯಲ್ಲ.

ನಿಮ್ಮ ಮೂರನೆಯ ಪ್ರಶ್ನೆಗೆ ಉತ್ತರವಿರುವುದು ಇಲ್ಲಿಯೇ. ಸ್ವರದಿಂದ ಸ್ವರಕ್ಕೆ ಜಾರಿ ಸಾಗುವ ಜಾರು ಗಮಕವನ್ನು ಪಿಟೀಲಿನಲ್ಲಿ ನೀವು ಕಷ್ಟಪಟ್ಟು ಸಾಧಿಸಿರುತ್ತೀರಿ. ಥೆರೆಮಿನ್ ಅದನ್ನು ಕೇಳದೆಯೇ ಕೊಡುತ್ತದೆ, ಬೇಡವೆಂದರೂ ಬಿಡುವುದಿಲ್ಲ. ಷಡ್ಜದಿಂದ ಪಂಚಮಕ್ಕೆ ಜಾರದೆ ಹೋಗಬೇಕಾದರೆ ಎಡಗೈ ಆ ಕ್ಷಣಕ್ಕೆ ಸದ್ದನ್ನು ಮುಚ್ಚಿ, ಬಲಗೈ ಗುರಿ ಸೇರಿದೊಡನೆ ತೆರೆಯಬೇಕು. ಪ್ರತಿ ಸ್ವರವನ್ನೂ ಎರಡೆರಡು ಬಾರಿ ನುಡಿಸುವ ಜಂಟಿ ವರಿಸೆಯಲ್ಲಿ ಕಮಾನು ಮಾಡುವ ಕೆಲಸವೆಲ್ಲ ಎಡಗೈಯ ಪಾಲಿಗೆ ಬರುತ್ತದೆ. ಸ್ವರವನ್ನು ಅಲುಗಿಸುವ ಕಂಪಿತ ಗಮಕ ಬಹುಬೇಗ ಒಲಿಯಬಹುದು. ಅಲುಗದ ಒಂದು ಉದ್ದನೆಯ ಷಡ್ಜಕ್ಕೆ ತಿಂಗಳುಗಳು ಹಿಡಿದಾವು.

ಆದರೂ ಪಿಟೀಲಿನ ಅಭ್ಯಾಸ ವ್ಯರ್ಥವಲ್ಲ. ಈ ವಾದ್ಯದ ಅತ್ಯಂತ ಹೆಸರಾಂತ ಕಲಾವಿದೆ ಕ್ಲಾರಾ ರಾಕ್‌ಮೋರ್ (1911–1998) ಮೂಲತಃ ಪಿಟೀಲು ವಾದಕಿ. ಕೈಯ ತೊಂದರೆಯಿಂದ ಅದನ್ನು ಬಿಟ್ಟು ಇತ್ತ ಬಂದವರು. ತೋಳನ್ನು ಹಿಂದೆಮುಂದೆ ಆಡಿಸುವ ಬದಲು, ಮಡಚಿದ ಬೆರಳುಗಳನ್ನು ಹಂತಹಂತವಾಗಿ ಬಿಡಿಸುತ್ತ ಸ್ವರಗಳನ್ನು ಹಿಡಿಯುವ ಗಾಳಿ ಬೆರಳುಗಾರಿಕೆಯನ್ನು ಅವರು ರೂಪಿಸಿದರು. ತಪ್ಪಿದ ಸ್ವರವನ್ನು ಕೇಳುಗರ ಗಮನಕ್ಕೆ ಬರುವ ಮೊದಲೇ ತಿದ್ದುವ ಕಿವಿ ಪಿಟೀಲಿನಿಂದ ನಿಮಗೂ ಬಂದಿದ್ದರೆ, ಅದೇ ಇಲ್ಲಿ ನಿಮ್ಮ ದೊಡ್ಡ ಬಂಡವಾಳ.

ವಾದ್ಯ ಸಿಕ್ಕರೆ ಮೊದಲು ಗುಂಡಿ ತಿರುಗಿಸಿ, ಬಲಗೈಯನ್ನು ಭುಜದ ಬಳಿಗೆ ತಂದಾಗ ಸ್ವರ ತೀರಾ ಕೆಳಗಿಳಿದು ನಿಶ್ಶಬ್ದವಾಗುವಂತೆ ಹೊಂದಿಸಿಕೊಳ್ಳಿ. ಆಮೇಲೆ ಶ್ರುತಿಪೆಟ್ಟಿಗೆ ಹಾಕಿಕೊಂಡು ಷಡ್ಜವೊಂದನ್ನೇ ಹುಡುಕಿ. ಹತ್ತಿರ ಬಂದಾಗ ಎರಡೂ ನಾದಗಳು ಕೂಡಿ ಮಿಡಿಯತೊಡಗುತ್ತವೆ, ಆ ಮಿಡಿತ ನಿಧಾನವಾಗಿ ನಿಂತುಹೋದ ಜಾಗದಲ್ಲಿ ಕೈಯನ್ನೂ ನಿಲ್ಲಿಸಿ.