ಬೇಟೆ ಚಿತ್ರದಲ್ಲಿ ಮೊದಲು ಹೊಲ ನೋಡಿ, ಬಂದೂಕು ಆಮೇಲೆ

ಪ್ರಶ್ನೆ: ಇಂಗ್ಲೆಂಡಿನ ಚಿತ್ರಕಾರ ಗೇನ್ಸ್‌ಬರೋ ಬರೆದ 'ಮಿಸ್ಟರ್ ಆಂಡ್ ಮಿಸೆಸ್ ಆಂಡ್ರೂಸ್' ಚಿತ್ರದ ಪ್ರಿಂಟ್ ನೋಡಿದೆ. ಗಂಡ ಬಂದೂಕು ಹಿಡಿದು ನಿಂತಿದ್ದಾನೆ, ಪಕ್ಕದಲ್ಲಿ ನಾಯಿ. ಹೆಂಡತಿ ಬೆಂಚಿನ ಮೇಲೆ ಕೂತಿದ್ದಾಳೆ. ಉಳಿದರ್ಧ ಬರೀ ಹೊಲ. ಅದು ಸುಮ್ನೆ ಹಿನ್ನೆಲೆ ಅಲ್ವಾ? (ದಾವಣಗೆರೆಯ ಓದುಗರು)

ಉತ್ತರ: 'ಸುಮ್ನೆ ಹಿನ್ನೆಲೆ' ಅನ್ನೋ ಮಾತು ಕೇಳಿ ಕೇಳಿ ಸಾಕಾಗಿದೆ. ಆ ಹೊಲಕ್ಕಾಗಿಯೇ ಚಿತ್ರ ಬರೆಸಿದ್ದು. ಸುಮಾರು 1750ರ ಚಿತ್ರ, ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅಲ್ಲಿ ಕಾಣುವುದು ಆಂಡ್ರೂಸನ ಸ್ವಂತ ಜಮೀನು.

ಬಲಗಡೆ ನೋಡಿ. ಗೋಧಿ ಕೊಯ್ದು ಸಿವುಡು ಕಟ್ಟಿ ನಿಲ್ಲಿಸಿದ್ದಾರೆ. ಕೂಳೆ ನೆಟ್ಟಗೆ ಸಾಲು ಹಿಡಿದಿದೆ, ಅಂದರೆ ಕೂರಿಗೆಯಲ್ಲಿ ಬಿತ್ತಿದ್ದು. ನಮ್ಮ ರೈತರಿಗೆ ಕೂರಿಗೆ ಹಳೇದು. ಆಗಿನ ಇಂಗ್ಲೆಂಡಿಗೆ ಸಾಲು ಬಿತ್ತನೆ ಇನ್ನೂ ಹೊಸದು, ತೋರಿಸಿಕೊಳ್ಳುವಂಥದ್ದು. ಸರಿ, ಕೊಯ್ದವರು ಎಲ್ಲಿ? ಸಿವುಡು ಕಟ್ಟಿದವರು ಎಲ್ಲಿ? ಒಬ್ಬ ಆಳೂ ಇಲ್ಲ. ಹೊಲದಲ್ಲಿ ಕೂತವಳ ಕಾಲಲ್ಲಿ ಚೂಪು ಮೂತಿಯ ನಾಜೂಕು ಚಪ್ಪಲಿ, ಒಂದು ಚೂರೂ ಮಣ್ಣಿಲ್ಲ.

ಈಗ ಬಂದೂಕಿಗೆ ಬನ್ನಿ. ಇಂಗ್ಲೆಂಡಿನ 1671ರ ಕಾಯ್ದೆ ಪ್ರಕಾರ ಮೊಲ, ಕವುಜಗ ಹೊಡೆಯಲು ವರ್ಷಕ್ಕೆ 100 ಪೌಂಡ್ ಹುಟ್ಟುವಳಿಯ ಸ್ವಂತ ಭೂಮಿ ಬೇಕಿತ್ತು. ದೊಡ್ಡ ಮನೆತನದವರಿಗೆ, ಉದ್ದನೆಯ ಗೇಣಿ ಇದ್ದ ಸಿರಿವಂತರಿಗೆ ಬೇರೆ ದಾರಿಗಳಿದ್ದವು. ಸಣ್ಣ ಗೇಣಿದಾರ ಮಾತ್ರ ತನ್ನ ಬೆಳೆ ತಿಂದ ಮೊಲವನ್ನೂ ಹೊಡೆಯುವಂತಿರಲಿಲ್ಲ. ಈ ಆಸ್ತಿಯ ಷರತ್ತು ಹೋಗಿದ್ದು 1831ರಲ್ಲಿ. ಹಾಗಾಗಿ ಆಂಡ್ರೂಸನ ಕಂಕುಳಲ್ಲಿರುವ ಬಂದೂಕು ಪಹಣಿ ಇದ್ದ ಹಾಗೆ. ಇದನ್ನು 'ಪ್ರಕೃತಿಪ್ರೇಮದ ಚಿತ್ರ' ಅಂತ ಯೂಟ್ಯೂಬಿನಲ್ಲಿ ಹೇಳುವವರನ್ನು ದಯವಿಟ್ಟು ನಂಬಬೇಡಿ. ಆಳುಗಳನ್ನು ಅಳಿಸಿದ ಮೇಲೆ ಉಳಿಯುವುದು ಪ್ರಕೃತಿಯಲ್ಲ, ಆಸ್ತಿ.

ಪಕ್ಕದಲ್ಲಿ ನೆದರ್ಲೆಂಡ್ಸ್ ಕಡೆಯ ಚಿತ್ರಕಾರ ಬ್ರೂಗಲ್ 1565ರಲ್ಲಿ ಬರೆದ 'ಹಿಮದಲ್ಲಿ ಬೇಟೆಗಾರರು' ಇಟ್ಟು ನೋಡಿ. ಮೂವರು ನಮಗೆ ಬೆನ್ನು ಹಾಕಿ ಊರ ಕಡೆ ಕಾಲೆಳೆಯುತ್ತಿದ್ದಾರೆ. ನಾಯಿಗಳೂ ಸೋತಿವೆ. ಸಿಕ್ಕಿದ್ದು ಒಂದೇ ಒಂದು ನರಿ. ಇವರು ಆ ನೆಲದಲ್ಲಿ ಬದುಕುವವರು, ಅದನ್ನು ತೋರಿಸಿಕೊಳ್ಳುವವರಲ್ಲ. ನನಗೆ ಜಾಸ್ತಿ ಇಷ್ಟ ಈ ಚಿತ್ರವೇ.

ಪ್ರಶ್ನೆ: ಬೇಟೆ ರಾಜರ ಆಟ ಅಂತಾರೆ, ನಮ್ಮ ಕಡೆ ಅದು ಬೇಡರ ಕಸುಬು. ಯಾವುದು ಸರಿ? (ಚಿತ್ರದುರ್ಗದ ಓದುಗರು)

ಉತ್ತರ: ದುರ್ಗ ಆಳಿದ ನಾಯಕರೇ ಬೇಡರು. ಇಂಗ್ಲೆಂಡಿನ ಲೆಕ್ಕ ಇಲ್ಲಿಗೆ ತರಬೇಡಿ.

ಪ್ರಶ್ನೆ: ಬೇಟೆ ಚಿತ್ರ ಹಾಲ್‌ನಲ್ಲಿ ಹಾಕಿದರೆ ಮನೆಯಲ್ಲಿ ಜಗಳ ಆಗುತ್ತದಾ?

ಉತ್ತರ: ಇಲ್ಲ. ಹಾಗೆ ಹೇಳಿ ದುಡ್ಡು ಕೇಳುವವರನ್ನು ಬಾಗಿಲಲ್ಲೇ ಕಳಿಸಿ.

ಪ್ರಶ್ನೆ: ಅಜ್ಜನ ಕಾಲದ ತೈಲಚಿತ್ರವನ್ನು ಆಲೂಗಡ್ಡೆ ಉಜ್ಜಿ ತೊಳೆಯಬಹುದಾ?

ಉತ್ತರ: ಖಂಡಿತ ಬೇಡ! ಅದರ ನೀರು, ಪಿಷ್ಟ ಎರಡೂ ಬಿರುಕಿಗಿಳಿಯುತ್ತವೆ. ಬಣ್ಣ ಎದ್ದು ಬರುತ್ತದೆ, ಬೂಸ್ಟು ಹಿಡಿಯುತ್ತದೆ. ಮೆತ್ತನೆಯ ಒಣ ಬ್ರಷ್‌ನಿಂದ ಧೂಳು ತೆಗೆಯಿರಿ. ಬಣ್ಣ ಈಗಾಗಲೇ ಎದ್ದಿದ್ದರೆ ಅದನ್ನೂ ಮಾಡಬೇಡಿ, ಚಿತ್ರ ಸಂರಕ್ಷಣೆ ಕಲಿತವರಿಗೆ ತೋರಿಸಿ.