ಬೈಕ್ ಕ್ಲಚ್ ರಿಪೇರಿ: ಶೋರೂಮಿಗೆ ಕೊಡೋದಾ, ಮನೆಯಲ್ಲೇ ಮಾಡೋದಾ?

ಬೈಕಾದರೆ ಧೈರ್ಯವಾಗಿ ಮನೆಯಲ್ಲೇ ಮಾಡಿ, ಕಾರಾದರೆ ಬೇಡ. ಕಾರಿನಲ್ಲಿ ಗೇರ್‌ಬಾಕ್ಸನ್ನೇ ಕೆಳಗಿಳಿಸಬೇಕು, ಲೇಬರ್ ಚಾರ್ಜ್ ಜಾಸ್ತಿ ಬರೋದು ಅದಕ್ಕೇ. ಬೈಕಿನಲ್ಲಿ ಆಯಿಲ್ ಇಳಿಸಿ ಎಂಜಿನ್ ಪಕ್ಕದ ಕವರ್ ಬಿಚ್ಚಿದರೆ ಕ್ಲಚ್ ಎದುರಿಗೇ ಇರುತ್ತದೆ. ಕೆಲವು ಬೈಕಿಗೆ ನಡುವಿನ ನಟ್ ಬಿಚ್ಚೋಕೆ ಬೇರೆ ಟೂಲ್ ಬೇಕು, ಮೊದಲೇ ವಿಚಾರಿಸಿ.

ಚಿಕ್ಕಬಳ್ಳಾಪುರದಿಂದ ನಂದಿ ಬೆಟ್ಟ ಹತ್ತುವಾಗ ನನ್ನ ಹಳೇ ಬೈಕು ಎಷ್ಟು ರೇಸ್ ಕೊಟ್ಟರೂ ಬರೀ ಸದ್ದು ಮಾಡ್ತಿತ್ತು, ಮುಂದೆ ಹೋಗ್ತಿರಲಿಲ್ಲ. ಕ್ಲಚ್ ಜಾರೋದು ಅಂದರೆ ಇದೇ. ಶೋರೂಮಿನವರು ಪೂರಾ ಕ್ಲಚ್ ಅಸೆಂಬ್ಲಿ ಬದಲಾಯಿಸಬೇಕು ಅಂದರು. ಬಿಚ್ಚಿ ನೋಡಿದರೆ ಸವೆದಿದ್ದು ಪ್ಲೇಟುಗಳು ಮಾತ್ರ! ಪ್ಲೇಟು, ಸ್ಪ್ರಿಂಗು, ಗ್ಯಾಸ್ಕೆಟ್ಟು (ಕವರ್ ಅಡಿ ಆಯಿಲ್ ಸೋರದಂತೆ ಹಾಕೋ ಪ್ಯಾಕಿಂಗ್), ಆಯಿಲ್ ಎಲ್ಲಾ ಸೇರಿ ಅವರು ಹೇಳಿದ್ದರ ಅರ್ಧ ದುಡ್ಡೂ ಆಗಲಿಲ್ಲ. ಭಾನುವಾರ ಪೂರ್ತಿ ಹೋಯಿತು ಬಿಡಿ, ಅಂಟಿಕೊಂಡಿದ್ದ ಹಳೇ ಗ್ಯಾಸ್ಕೆಟ್ ಕೆರೆಯೋಕೇ ಒಂದು ಗಂಟೆ ಬೇಕಾಯಿತು.

ಹೊಸ ಪ್ಲೇಟುಗಳನ್ನು ಎಂಜಿನ್ ಆಯಿಲಲ್ಲಿ ನೆನೆಸಿ ಹಾಕಿ. ಆಯಿಲ್ ಡಬ್ಬದ ಮೇಲೆ ಜಾಸೋ ಎಂಎ (JASO MA, ಬೈಕಿನ ಕ್ಲಚ್ಚಿಗೆ ಹೊಂದುವ ಆಯಿಲ್ ಅನ್ನೋ ಗುರುತು) ಅಂತ ಇರಲಿ, ಕಾರಿನ ಆಯಿಲ್ ಹಾಕಿದರೆ ಕ್ಲಚ್ ಮತ್ತೆ ಜಾರಬಹುದು.

ಇದಕ್ಕೆಲ್ಲ ಕೈ ಹಾಕುವ ಮುಂಚೆ ಕ್ಲಚ್ ಲಿವರ್ ನೋಡಿ. ತುದಿಯಲ್ಲಿ ಸಾಮಾನ್ಯವಾಗಿ 10ರಿಂದ 20 ಮಿ.ಮೀ. ಸಡಿಲ ಇರಬೇಕು. ಕೇಬಲ್ ಬಿಗಿಯಾಗಿದ್ದರೂ ಕ್ಲಚ್ ಜಾರುತ್ತದೆ, ಅದಕ್ಕೆ ಒಂದು ಸ್ಪ್ಯಾನರ್ ಸಾಕು. ವಾರಂಟಿ ಇದ್ದರೆ ಮಾತ್ರ ಸುಮ್ನೆ ಶೋರೂಮಿಗೇ ಬಿಡಿ.